ವೈನ್ ವ್ಯಾಪಾರಿಯ ಕಾಗದಗಳ ಜೊತೆ ಹದಿನಾಲ್ಕು ತಿಂಗಳು

ಉತ್ತರ ಇಂಗ್ಲೆಂಡಿನ ಒಂದು ದಾಖಲೆ ಸಂಗ್ರಹಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ ಎರಡನೆಯ ವಾರ, ನೆಲಮಾಳಿಗೆಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯ ಪಟ್ಟಿಯಿಂದ ಬಿಗಿದ ಕಾಗದಗಳ ಹನ್ನೊಂದು ಕಟ್ಟುಗಳಿದ್ದವು. ಹಿಂದೆ ಯಾರೋ ಕೈಯಲ್ಲಿ ಬರೆದಿಟ್ಟಿದ್ದ ಪಟ್ಟಿಯಲ್ಲಿ ಅಷ್ಟಕ್ಕೂ ಸೇರಿ ಇದ್ದ ವಿವರಣೆ ‘ವೈನ್ ಬಿಲ್ಲುಗಳು, ಇತ್ಯಾದಿ’ ಎಂಬುದಷ್ಟೇ. ಲಿವರ್‌ಪೂಲಿನ ಒಬ್ಬ ವೈನ್ ವ್ಯಾಪಾರಿ 1836ರಿಂದ 1867ರವರೆಗೆ ಒಂದು ಕ್ಯಾಥೊಲಿಕ್ ಕಾಲೇಜಿಗೆ ಬರೆದ ಕಾಗದಗಳು ಅವು. ಅವುಗಳನ್ನು ಒಂದೊಂದಾಗಿ ಬಿಡಿಸಿ, ಓದಿ, ಪ್ರತಿಯೊಂದಕ್ಕೂ ವಿವರಣೆ ಬರೆದು ಮುಗಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕಾಗದಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದವರ ಕೋರಿಕೆಯಂತೆ ವ್ಯಾಪಾರಿಯ ಮನೆತನದ ಹೆಸರನ್ನೂ ಕಾಲೇಜಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಆ ಕೆಲಸ ನಡೆದ ಬಗೆಯನ್ನು, ಅದರಲ್ಲಿ ನಾನು ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಬೇಕೆಂಬ ಆಸೆ ಆಗಿನಿಂದಲೂ ಇತ್ತು.

ಇಂಗ್ಲೆಂಡಿನ ಕ್ಯಾಥೊಲಿಕ್ ಕಾಲೇಜುಗಳ ಹಿನ್ನೆಲೆ ತಿಳಿಯದೆ ಈ ಕಾಗದಗಳು ಅರ್ಥವಾಗುವುದಿಲ್ಲ. ದೇಶ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದ್ದ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ಸ್ವದೇಶದಲ್ಲಿ ತಯಾರು ಮಾಡುವುದು ಅಸಾಧ್ಯವಾದಾಗ ವಿಲಿಯಂ ಅಲನ್ ಎಂಬ ಪಾದ್ರಿ 1568ರಲ್ಲಿ ಇಂದಿನ ಫ್ರಾನ್ಸಿನಲ್ಲಿರುವ ಡೂಯೆ ಎಂಬ ಊರಿನಲ್ಲಿ ಇಂಗ್ಲಿಷರಿಗಾಗಿ ಒಂದು ಕಾಲೇಜನ್ನು ಸ್ಥಾಪಿಸಿದ. ಆಮೇಲೆ ಸ್ಪೇನಿನ ವಾಯಡೊಲಿಡ್, ಪೋರ್ಚುಗಲ್ಲಿನ ಲಿಸ್ಬನ್ ಮುಂತಾದ ಕಡೆಗಳಲ್ಲಿಯೂ ಅಂಥ ಕಾಲೇಜುಗಳು ಹುಟ್ಟಿದವು. ಫ್ರಾನ್ಸಿನ ಕ್ರಾಂತಿ ಡೂಯೆಯ ಕಾಲೇಜನ್ನು ಒಕ್ಕಲೆಬ್ಬಿಸಿದಾಗ ಅಲ್ಲಿಂದ ಹೊರಬಿದ್ದವರಲ್ಲಿ ಒಂದು ಗುಂಪು ಡರಮ್ ಸೀಮೆಗೆ ಬಂದು, 1808ರಲ್ಲಿ ಅಷಾ ಎಂಬಲ್ಲಿ ನೆಲೆನಿಂತಿತು. ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆಯಲ್ಲಿದ್ದ ಯೇಸುಸಭೆ ಎಂಬ ಪಾದ್ರಿಗಳ ಸಂಘದವರ (ಜೆಸುಯಿಟರ) ಶಾಲೆ 1794ರಲ್ಲಿಯೇ ಲ್ಯಾಂಕಷೈರಿನ ಸ್ಟೋನಿಹರ್ಸ್ಟ್‌ಗೆ ಬಂದಿತ್ತು. ನನ್ನ ಪೆಟ್ಟಿಗೆಯ ಕಾಲೇಜು ಇದೇ ಬಳಗಕ್ಕೆ ಸೇರಿದ್ದು. ಅಲ್ಲಿ ಪಾದ್ರಿಗಳಾಗುವವರೂ ಗೃಹಸ್ಥರ ಮಕ್ಕಳೂ ಒಟ್ಟಿಗೆ ಓದುತ್ತಿದ್ದರು. ಬಿಯರನ್ನು ಕಾಲೇಜಿನವರೇ ತಯಾರಿಸಿಕೊಳ್ಳುತ್ತಿದ್ದರು. ವೈನ್ ಮಾತ್ರ ಹೊರಗಿನಿಂದ ಬರಬೇಕಿತ್ತು. ಪ್ರತಿದಿನದ ಬಲಿಪೂಜೆಗೆ (ರೊಟ್ಟಿ ಮತ್ತು ವೈನನ್ನು ಅರ್ಪಿಸುವ ಆರಾಧನೆಗೆ), ಹಬ್ಬದ ದಿನ ಹಿರಿಯ ಗುರುಗಳ ಊಟದ ಮೇಜಿಗೆ, ಕಾಯಿಲೆ ಬಿದ್ದವರ ಕೋಣೆಗೆ ಅದು ಬೇಕಾಗುತ್ತಿತ್ತು. ಇದೆಲ್ಲದರ ಲೆಕ್ಕ ಇಡುತ್ತಿದ್ದ ಪಾದ್ರಿಗೆ ಪ್ರೊಕ್ಯುರೇಟರ್ ಎಂದು ಹೆಸರು. ಹಣಕಾಸು, ಉಗ್ರಾಣ, ಹೊಲಮನೆ ಎಲ್ಲವೂ ಅವರ ಕೈಯಲ್ಲಿರುತ್ತಿದ್ದವು. ವ್ಯಾಪಾರಿಯ ಕಾಗದಗಳೆಲ್ಲ ಬರೆದದ್ದು ಅವರಿಗೆ.

ಮೊದಲನೆಯ ತಿಂಗಳಲ್ಲೇ ನಾನೊಂದು ತಪ್ಪು ಮಾಡಿದೆ. ಕಟ್ಟುಗಳನ್ನು ಬಿಚ್ಚಿ ನೋಡಿದಾಗ ಕಾಗದಗಳು ತಾರೀಖಿನ ಕ್ರಮದಲ್ಲಿ ಇರಲಿಲ್ಲ. 1841ರ ಮಾರ್ಚಿನ ಕಾಗದದ ಮೇಲೆ 1840ರ ನವೆಂಬರಿನದು, ಅದರ ಕೆಳಗೆ ಮತ್ತೆ 1841ರದು ಹೀಗಿತ್ತು. ಯಾರೋ ಕಲಸಿಟ್ಟಿದ್ದಾರೆಂದು ಭಾವಿಸಿ ಮೊದಲ ಎರಡು ಕಟ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಬಿಟ್ಟೆ. ಮೂರನೆಯ ಕಟ್ಟನ್ನು ಬಿಚ್ಚುವಾಗ ಸತ್ಯ ಗೊತ್ತಾಯಿತು. ಪ್ರೊಕ್ಯುರೇಟರು ಪ್ರತಿ ಕಾಗದವನ್ನೂ ಉದ್ದಕ್ಕೆ ಮಡಚಿ, ಹೊರಮೈಯ ಮೇಲೆ ಕಳುಹಿಸಿದವನ ಹೆಸರು, ಕಾಗದದ ತಾರೀಖು, ತಾವು ಉತ್ತರ ಬರೆದ ತಾರೀಖು, ಹಣ ಸಂದಾಯವಾಗಿದ್ದರೆ ಆ ಮಾತು, ಇಷ್ಟನ್ನು ಸಣ್ಣ ಅಕ್ಷರಗಳಲ್ಲಿ ಗುರುತು ಹಾಕಿದ್ದರು. ಕಟ್ಟುಗಳನ್ನು ಕಟ್ಟಿದ್ದು ಹಣ ಸಂದಾಯವಾದ ಕ್ರಮದಲ್ಲಿ. ನಾನು ಕೆಡಿಸಿದ್ದು ಅವರ ಕ್ರಮವನ್ನು. ದಾಖಲೆಗಳ ಕೆಲಸದಲ್ಲಿ ಮೂಲ ಕ್ರಮವನ್ನು ಕದಲಿಸಬಾರದು ಎಂಬುದು ಮೊದಲನೆಯ ಪಾಠ, ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದೃಷ್ಟಕ್ಕೆ ಕಟ್ಟು ಬಿಚ್ಚುವ ಮೊದಲು ತೆಗೆದ ಛಾಯಾಚಿತ್ರಗಳಿದ್ದವು. ಅವನ್ನು ನೋಡಿಕೊಂಡು ಎರಡು ದಿನ ಕುಳಿತು ಎಲ್ಲವನ್ನೂ ಹಿಂದಿನ ಹಾಗೆ ಇಟ್ಟೆ.

ಆ ಹೊರಮೈಯ ಗುರುತುಗಳೇ ಮುಂದೆ ನನಗೆ ದಾರಿ ತೋರಿಸಿದವು. ಏಕೆಂದರೆ ಪೆಟ್ಟಿಗೆಯಲ್ಲಿದ್ದದ್ದು ಒಬ್ಬರ ಮಾತು ಮಾತ್ರ. ಕಾಲೇಜಿನಿಂದ ಹೋದ ಉತ್ತರಗಳು ವ್ಯಾಪಾರಿಯ ಅಂಗಡಿಯಲ್ಲಿ ಎಂದೋ ಕಳೆದುಹೋಗಿವೆ. ಫೋನಿನಲ್ಲಿ ಮಾತನಾಡುವವರ ಪಕ್ಕದಲ್ಲಿ ಕುಳಿತು ಈಚೆಯವರ ಮಾತು ಮಾತ್ರ ಕೇಳಿಸಿಕೊಂಡ ಹಾಗೆ ಈ ಕಾಗದಗಳನ್ನು ಓದಬೇಕು. ಉತ್ತರ ಬರೆದ ತಾರೀಖು ಹೊರಗೆ ಇದ್ದುದರಿಂದ, ಯಾವ ಕಾಗದಕ್ಕೆ ಪ್ರೊಕ್ಯುರೇಟರು ಆ ದಿನವೇ ಬರೆದರು, ಯಾವುದನ್ನು ಮೂರು ವಾರ ಮೇಜಿನ ಮೇಲೆ ಹಾಗೆಯೇ ಬಿಟ್ಟರು ಎಂಬುದು ತಿಳಿಯುತ್ತಿತ್ತು. ಬೆಲೆ ಹೆಚ್ಚಿಸಿದ ಕಾಗದಕ್ಕೆ ಉತ್ತರ ತಡವಾಗಿ ಹೋಗುತ್ತಿತ್ತು. ಮನುಷ್ಯರ ಸಮಾಚಾರವಿದ್ದ ಕಾಗದಕ್ಕೆ ಬೇಗ ಹೋಗುತ್ತಿತ್ತು.

1840ಕ್ಕಿಂತ ಹಿಂದಿನ ಕಾಗದಗಳನ್ನು ಬಿಡಿಸುವುದೇ ಒಂದು ಕೆಲಸ. ಆಗ ಅಂಚೆಯ ದರವನ್ನು ದೂರದ ಮೇಲೆ ಮತ್ತು ಹಾಳೆಗಳ ಎಣಿಕೆಯ ಮೇಲೆ ನಿರ್ಧರಿಸುತ್ತಿದ್ದರು. ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆಯೆಂದೇ ಲೆಕ್ಕ. ಆದ್ದರಿಂದ ಒಂದೇ ಹಾಳೆಯಲ್ಲಿ ಬರೆದು, ಅದನ್ನೇ ಮಡಚಿ ವಿಳಾಸ ಬರೆದು, ಅರಗಿನಿಂದ ಮುಚ್ಚುತ್ತಿದ್ದರು. ಜಾಗ ಸಾಲದಿದ್ದರೆ ಬರೆದ ಹಾಳೆಯನ್ನೇ ತಿರುಗಿಸಿ, ಮೊದಲ ಸಾಲುಗಳ ಮೇಲೆ ಅಡ್ಡಲಾಗಿ ಮತ್ತೆ ಬರೆಯುತ್ತಿದ್ದರು. ನೇಯ್ಗೆಯ ಹಾಸು ಹೊಕ್ಕಿನಂತೆ ಕಾಣುವ ಆ ಪುಟವನ್ನು ಓದಲು ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲೆ ಕಣ್ಣು ತಾನಾಗಿಯೇ ಒಂದು ದಿಕ್ಕಿನ ಸಾಲುಗಳನ್ನು ಹಿಡಿದು ಇನ್ನೊಂದನ್ನು ಬಿಡುವುದನ್ನು ಕಲಿಯಿತು. 1840ರ ಜನವರಿ 10ರಿಂದ ಅರ್ಧ ಔನ್ಸಿನ ಕಾಗದ ದೇಶದ ಯಾವ ಮೂಲೆಗಾದರೂ ಪೆನ್ನಿ ಎಂಬ ಸಣ್ಣ ನಾಣ್ಯವೊಂದಕ್ಕೆ ಹೋಗುವಂತಾಯಿತು. ಆ ಬದಲಾವಣೆ ನನ್ನ ಕಟ್ಟುಗಳಲ್ಲಿ ಕಣ್ಣಿಗೆ ಕಾಣುವಂತಿತ್ತು: ಅಡ್ಡ ಬರವಣಿಗೆ ನಿಂತುಹೋಯಿತು, ಕಾಗದಗಳು ಗಿಡ್ಡವಾದವು, ವರ್ಷಕ್ಕೆ ನಾಲ್ಕೈದು ಬರುತ್ತಿದ್ದವು ಹತ್ತು ಹನ್ನೆರಡಾದವು.

ಓದುವ ಮೇಜಿನ ಮೇಲೆ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಕೈಗವಸು ಹಾಕಿಕೊಳ್ಳುತ್ತೀರಾ ಎಂದು ಊರಿನವರು ಕೇಳುತ್ತಾರೆ. ಇಲ್ಲ, ಚೆನ್ನಾಗಿ ತೊಳೆದು ಒರೆಸಿಕೊಂಡ ಬರಿಗೈಯೇ ಒಳ್ಳೆಯದು, ಗವಸು ಹಾಕಿದ ಬೆರಳಿಗೆ ಕಾಗದದ ಅಂಚು ಹರಿಯುತ್ತಿರುವುದು ಗೊತ್ತಾಗುವುದಿಲ್ಲ. ಮೆತ್ತನೆಯ ಕುಂಚದಿಂದ ಮಡಿಕೆಗಳ ಧೂಳು ತೆಗೆದು, ಸ್ವಲ್ಪಸ್ವಲ್ಪವೇ ಬಿಡಿಸಿ, ಸೀಸದ ಮಣಿಗಳನ್ನು ಹೊಲಿದ ಬಟ್ಟೆಯ ಹಾವಿನಂಥ ಭಾರವನ್ನು ಅಂಚಿಗಿಟ್ಟು ಓದಬೇಕು. ತಾರೀಖು ಇಲ್ಲದ ಕಾಗದವನ್ನು ಬೆಳಕಿಗೆ ಎದುರಾಗಿ ಹಿಡಿದರೆ, ಕಾಗದದ ಒಡಲಿನಲ್ಲಿ ಕೆಲವೊಮ್ಮೆ ತಯಾರಕರ ಗುರುತಿನ ಕೆಳಗೆ ಇಸವಿ ಕಾಣುತ್ತದೆ. 1843 ಎಂದು ಕಂಡರೆ ಆ ಕಾಗದ ಅದಕ್ಕಿಂತ ಮೊದಲಿನದಲ್ಲ ಎಂಬಷ್ಟು ಖಾತ್ರಿ.

ವ್ಯಾಪಾರಿಯ ಕೈಬರಹ ಒಗ್ಗಲು ಮೂರು ವಾರ ಹಿಡಿಯಿತು. ಅವರ ಒಕ್ಕಣೆಯಂತೂ ನಮ್ಮ ಹಳೆಯ ಕಾಗದಗಳನ್ನು ಓದಿದವರಿಗೆ ಕೂಡಲೇ ಪರಿಚಿತವೆನಿಸುತ್ತದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಪೂರ್ತಿ ಬರೆಯದೆ ನನ್ನ ಅಜ್ಜ ‘ಉ. ಕು. ಸಾಂ.’ ಎಂದು ಬರೆಯುತ್ತಿದ್ದಂತೆ, ಇವರೂ ತಮ್ಮ ಕಾಗದ ತಲುಪಿತು, ತಮ್ಮ ಆಜ್ಞೆಗೆ ಋಣಿ ಎಂಬ ಮಾತುಗಳನ್ನು ಮೂರು ನಾಲ್ಕು ಅಕ್ಷರಗಳಿಗೆ ಮೊಟಕುಗೊಳಿಸುತ್ತಿದ್ದರು. ತಿಂಗಳ ಹೆಸರನ್ನೂ ಬರೆಯುತ್ತಿರಲಿಲ್ಲ. ಹೋದ ತಿಂಗಳಿಗೆ ‘ಅಲ್ಟ್’, ಈ ತಿಂಗಳಿಗೆ ‘ಇನ್‌ಸ್ಟ್’, ಬರುವ ತಿಂಗಳಿಗೆ ‘ಪ್ರಾಕ್ಸ್’ ಎಂಬ ಲ್ಯಾಟಿನ್ ಮೂಲದ ಸಂಕ್ಷೇಪಗಳು. ತಿಂಗಳ ಮೊದಲ ದಿನ ಬರೆದ ಕಾಗದದಲ್ಲಿ ಮೊನ್ನೆಯ ಸಂಗತಿಯೂ ‘ಹೋದ ತಿಂಗಳ 29ನೆಯದು’ ಆಗುತ್ತದೆ. ಇದನ್ನು ಗಮನಿಸದೆ ಒಂದು ಹಡಗು ಬಂದ ದಿನವನ್ನು ನಾನು ಒಂದು ತಿಂಗಳು ಮುಂದಕ್ಕೆ ಹಾಕಿ, ಆಮೇಲೆ ಲೆಕ್ಕದ ಪುಸ್ತಕಕ್ಕೆ ತಾಳೆಯಾಗದೆ ತಿದ್ದಿದೆ.

ಹಣದ ಲೆಕ್ಕ ನನಗೆ ಅಷ್ಟು ತೊಡಕಾಗಲಿಲ್ಲ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್. ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಲೆಕ್ಕ ಬರೆದಿಟ್ಟ ಅಜ್ಜನ ಕಿರ್ದಿ ಪುಸ್ತಕಗಳನ್ನು ಚಿಕ್ಕಂದಿನಲ್ಲಿ ತಿರುವಿಹಾಕಿದ್ದೆ. ಆದರೆ ಒಂದು ವಿಷಯ ಬಗೆಹರಿಯಲಿಲ್ಲ. ವ್ಯಾಪಾರಿ ಮೂರು ತಿಂಗಳ ವಾಯಿದೆಗೆ ಬಿಲ್, ಅಂದರೆ ಗಡುವಿನ ದಿನ ಇಷ್ಟು ಹಣ ಕೊಡಬೇಕೆಂಬ ಪತ್ರ, ಬರೆದು ಕಳುಹಿಸುತ್ತಿದ್ದರು, ಪ್ರೊಕ್ಯುರೇಟರು ಅದಕ್ಕೆ ಒಪ್ಪಿ ಸಹಿ ಹಾಕುತ್ತಿದ್ದರು. ಆದರೆ ಕಾಲೇಜಿನ ಪುಸ್ತಕದಲ್ಲಿ ಹಣ ಹೋದದ್ದು ಪ್ರತಿ ಸಲವೂ ಮೂರು ತಿಂಗಳ ಮೇಲೆ ಮೂರು ದಿನಕ್ಕೆ. ಪುತ್ತೂರಿನಲ್ಲಿ ಅಡಿಕೆ ವ್ಯಾಪಾರದಲ್ಲಿಯೇ ತಲೆ ನೆರೆದ ಅಪ್ಪನಿಗೆ ಒಂದು ಭಾನುವಾರ ಫೋನಿನಲ್ಲಿ ಇದನ್ನು ವಿವರಿಸಿದೆ. “ಅದು ಹುಂಡಿಯಲ್ಲದೆ ಮತ್ತೇನು ಮಾರಾಯ್ತಿ? ಗಡುವು ಬೇರೆ, ರಿಯಾಯಿತಿಯ ದಿನ ಬೇರೆ. ಆ ಮೂರು ದಿನ ಅವರಲ್ಲಿ ಕಾನೂನೇ ಇದ್ದಿರಬೇಕು, ನೋಡು” ಎಂದರು. ನೋಡಿದೆ, ಇಂಗ್ಲೆಂಡಿನಲ್ಲಿ ಬಿಲ್‌ಗಳಿಗೆ ಮೂರು ರಿಯಾಯಿತಿ ದಿನಗಳು ನಿಜವಾಗಿಯೂ ಇದ್ದವು. ಇನ್ನೊಂದು ದಿನ ಅಪ್ಪನೇ ಫೋನು ಮಾಡಿ, “ಆ ಪಾದ್ರಿ ಹಣ ಕೊಟ್ಟರೋ?” ಎಂದು ಕೇಳಿದರು, ನಿನ್ನೆ ಮೊನ್ನೆಯ ವ್ಯವಹಾರವೆಂಬಂತೆ.

ಕೊಟ್ಟಿದ್ದರು, ಆದರೆ ಬಹಳ ವರ್ಷ ಪೂರ್ತಿ ಹಣವಾಗಿ ಅಲ್ಲ. ವ್ಯಾಪಾರಿಯ ಇಬ್ಬರು ಮಕ್ಕಳು ಅದೇ ಕಾಲೇಜಿನಲ್ಲಿ ಓದುತ್ತಿದ್ದರು. ಆ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಕ್ಯಾಥೊಲಿಕರಿಗೆ ಸಿಗುತ್ತಿರಲಿಲ್ಲ. 1829ರ ಕಾಯಿದೆಯವರೆಗೆ ಅವರು ಪಾರ್ಲಿಮೆಂಟಿನಲ್ಲಿಯೂ ಕೂರುವಂತಿರಲಿಲ್ಲ. ಸರ್ಕಾರಿ ಬಾಗಿಲುಗಳು ಹೀಗೆ ಮುಚ್ಚಿದ್ದಾಗ ವ್ಯಾಪಾರಕ್ಕೆ ಇಳಿದ ಮನೆತನಗಳಲ್ಲಿ ಇದೂ ಒಂದು. ಹುಡುಗರ ಶುಲ್ಕ ಒಂದು ಕಡೆ, ವೈನಿನ ಬೆಲೆ ಇನ್ನೊಂದು ಕಡೆ. ವರ್ಷಕ್ಕೆರಡು ಸಲ ಜಮಾ ಖರ್ಚು ಹೊಂದಿಸಿ ಉಳಿದ ಬಾಕಿಗೆ ಮಾತ್ರ ಬಿಲ್. ಹೀಗಾಗಿ ಒಂದೇ ಕಾಗದದಲ್ಲಿ ಶೆರಿ ಎಂಬ ಸ್ಪೇನಿನ ವೈನಿನ ಬೆಲೆಯೂ ಇರುತ್ತಿತ್ತು, ಚಿಕ್ಕ ಮಗನ ಕೆಮ್ಮು ವಾಸಿಯಾಯಿತೇ ಎಂಬ ಪ್ರಶ್ನೆಯೂ ಇರುತ್ತಿತ್ತು.

ಅಳತೆಯ ಮಾತಿಗೆ ಬಂದರೆ, ಒಂದು ಪದ ನನ್ನನ್ನು ಅರೆಗಳಿಗೆ ತಡೆದು ನಿಲ್ಲಿಸಿತು. ಪೋರ್ಚುಗಲ್ಲಿನಿಂದ ಬರುವ ಪೋರ್ಟ್ ವೈನಿನ ಅಳತೆ ‘ಪೈಪ್’. ನೀರಿನ ಕೊಳವೆಗೂ ಇದಕ್ಕೂ ಏನು ಸಂಬಂಧವೆಂದು ನಿಘಂಟು ತೆಗೆದರೆ, ದೊಡ್ಡ ಮರದ ಪಾತ್ರೆಗೆ ಪೋರ್ಚುಗೀಸರು ಹೇಳುವ ಮಾತು ‘ಪೀಪ’. ನಮ್ಮ ಪೀಪಾಯಿ! ಚಾವಿ, ಪಾದ್ರಿ, ಇಗರ್ಜಿಗಳ ಜೊತೆಗೆ ಅದೇ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿಳಿದ ಪದ ಅದು. ಆಮೇಲೆ ನನ್ನ ಟಿಪ್ಪಣಿಗಳಲ್ಲಿ ಪೀಪಾಯಿ ಎಂದೇ ಬರೆದುಕೊಂಡೆ. ಪೋರ್ಟಿನ ಪೀಪಾಯಿ 115 ಗ್ಯಾಲನ್, ಲಿಸ್ಬನ್ ವೈನಿನದು 117, ಮಡೈರಾದ್ದು 92. ಶೆರಿಯ ದೊಡ್ಡ ಪೀಪಾಯಿಗೆ ‘ಬಟ್’ ಎಂದು ಹೆಸರು, ಅದು 108. ಬೋರ್ಡೊ ಕಡೆಯ ಕೆಂಪು ವೈನಿನ ‘ಹಾಗ್ಸ್‌ಹೆಡ್’ 46. ಒಂದು ಗ್ಯಾಲನ್ನಿಗೆ ಆರು ಬಾಟಲಿ ಎಂಬುದು ವ್ಯಾಪಾರದ ಲೆಕ್ಕ. ಕಾಲುವೆಯ ದೋಣಿ, ರೈಲು, ಕೊನೆಗೆ ಕುದುರೆ ಗಾಡಿ ಹೀಗೆ ಕೈಯಿಂದ ಕೈಗೆ ಹೋಗುವಾಗ ಪೀಪಾಯಿಗೆ ಸಣ್ಣ ರಂಧ್ರ ಕೊರೆದು ವೈನ್ ಇಳಿಸಿಕೊಂಡು ಬೆಣೆ ಹೊಡೆಯುವುದು ಸಾಗಣೆಯವರಲ್ಲಿ ನಡೆಯುತ್ತಿತ್ತು. ಅದಕ್ಕಾಗಿ ಒಂದು ಪೀಪಾಯಿಯ ಹೊರಗೆ ಇನ್ನೊಂದನ್ನು ತೊಡಿಸಿ ಕಳುಹಿಸುತ್ತಿದ್ದರು. ತಲುಪಿದ ಕೂಡಲೇ ಕೋಲು ಇಳಿಸಿ ಎಷ್ಟು ಕಡಿಮೆಯಿದೆ ಎಂದು ಅಳೆದು ತಿಳಿಸಬೇಕೆಂಬ ಪ್ರಾರ್ಥನೆ ಬಹುತೇಕ ಪ್ರತಿ ರವಾನೆಯ ಕಾಗದದಲ್ಲಿದೆ. ಅದರ ಕೆಳಗೆ ಇನ್ನೊಂದು ಸಾಲು: ಖಾಲಿ ಪೀಪಾಯಿಗಳನ್ನು ದಯವಿಟ್ಟು ಹಿಂದಿರುಗಿಸುವುದು. ಮೂವತ್ತು ವರ್ಷವೂ ಆ ಸಾಲು ಬದಲಾಗಲಿಲ್ಲ.

ನನಗೆ ಅತಿ ಪ್ರಿಯವಾದ ಕಾಗದ 1844ರ ಜನವರಿಯದು. ಹೊಸದಾಗಿ ಅಧಿಕಾರಕ್ಕೆ ಬಂದ ಪ್ರೊಕ್ಯುರೇಟರಿಗೆ ಪೀಪಾಯಿಯಿಂದ ಬಾಟಲಿಗೆ ಇಳಿಸುವ ಕ್ರಮ ಗೊತ್ತಿರಲಿಲ್ಲವೆಂದು ತೋರುತ್ತದೆ. ಎರಡು ಪುಟ ತುಂಬ ವ್ಯಾಪಾರಿ ಅದನ್ನು ತಾಳ್ಮೆಯಿಂದ ಹೇಳಿಕೊಡುತ್ತಾರೆ. ಪೀಪಾಯಿ ಬಂದ ಮೇಲೆ ನೆಲಮಾಳಿಗೆಯಲ್ಲಿ ಅಲುಗಾಡದಂತೆ ಮಲಗಿಸಿ ಕೆಲವು ವಾರ ಬಿಡಬೇಕು. ಮೊಟ್ಟೆಯ ಬಿಳಿಯನ್ನು ಸ್ವಲ್ಪ ವೈನಿನೊಂದಿಗೆ ಕಡೆದು, ಮೇಲಿನ ಬಾಯಿಯಿಂದ ಸುರಿದು, ಸೀಳಿದ ಕೋಲಿನಿಂದ ಕಲಕಬೇಕು. ಅದು ಕೆಳಗಿಳಿಯುವಾಗ ಕದಡನ್ನೆಲ್ಲ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬಿಳಿಯ ವೈನ್ ಆದರೆ ಮೊಟ್ಟೆ ಬೇಡ, ಮೀನಿನ ಅಂಟು ಸಾಕು. ಮೋಡವಿಲ್ಲದ ತಂಪು ದಿನವನ್ನು ನೋಡಿ ಇಳಿಸಬೇಕು. ಬಾಟಲಿಗಳನ್ನು ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಬಿರಡೆಯಲ್ಲಿ ಕಾಸು ಉಳಿಸಲು ಹೋಗಬಾರದು. ಪೋರ್ಟಿನ ಬಾಟಲಿಗಳನ್ನು ಅಡ್ಡ ಮಲಗಿಸಿ, ಮೇಲ್ಮುಖವಾದ ಬದಿಗೆ ಸುಣ್ಣದ ಒಂದು ಗುರುತು ಹಾಕಬೇಕು. ಮುಂದೆ ಎಂದಾದರೂ ಕದಲಿಸಿದರೆ ಅದೇ ಬದಿ ಮೇಲಿರುವಂತೆ ಇಡಲು. ಈ ಕಾಗದದ ಕೆಳ ಅಂಚಿನಲ್ಲಿ ನೇರಳೆ ಬಣ್ಣದ ಒಂದು ಬಳೆಯ ಗುರುತಿದೆ, ಗಾಜಿನ ತಳ ಒತ್ತಿದ್ದು. ಪ್ರೊಕ್ಯುರೇಟರು ಈ ಕಾಗದವನ್ನು ನೆಲಮಾಳಿಗೆಗೆ ಒಯ್ದು, ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದಾರೆ. ಸಂರಕ್ಷಣೆಯ ವಿಭಾಗದವರು ಆ ಕಲೆಯನ್ನು ಮುಟ್ಟದೆ ಹಾಗೆಯೇ ಉಳಿಸಿದರು.

ಬಲಿಪೂಜೆಯ ವೈನಿನ ವಿಚಾರ ಬಂದಾಗ ವ್ಯಾಪಾರಿಯ ಧ್ವನಿಯೇ ಬೇರೆಯಾಗುತ್ತದೆ. ಪೂಜಾಗ್ರಂಥದ ನಿಯಮ ಕಠಿಣವಾದದ್ದು: ದ್ರಾಕ್ಷಿಯಿಂದಲೇ ಆದ ವೈನ್ ಆಗಿರಬೇಕು, ಹುಳಿತು ವಿನಿಗರ್ ಆಗಿದ್ದರೆ, ಕೆಟ್ಟಿದ್ದರೆ, ಮಾಗದ ಹಣ್ಣಿನಿಂದ ಹಿಂಡಿದ್ದಾದರೆ, ನೀರು ಅತಿಯಾಗಿ ಬೆರೆತಿದ್ದರೆ ಅದರಿಂದ ಸಂಸ್ಕಾರವೇ ಆಗುವುದಿಲ್ಲ. ಆದರೆ ಇಂಗ್ಲೆಂಡಿಗೆ ಬರುತ್ತಿದ್ದ ಪೋರ್ಟ್, ಶೆರಿಗಳೆಲ್ಲ ಬ್ರಾಂದಿ ಸೇರಿಸಿ ಗಡುಸುಗೊಳಿಸಿದವು. 1844ರಲ್ಲಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ವ್ಯಾಪಾರಿ ಪೋರ್ಟಿಗೆ ಬ್ರಾಂದಿ, ಎಲ್ಡರ್ ಹಣ್ಣಿನ ಬಣ್ಣ, ಸಿಹಿ ಬೆರೆಸುವುದನ್ನು ಖಂಡಿಸಿ ಒಂದು ಕಿರುಹೊತ್ತಗೆ ಹೊರತಂದಾಗ ವ್ಯಾಪಾರದಲ್ಲಿ ದೊಡ್ಡ ಗದ್ದಲವಾಯಿತು. ಅದರ ಬೆನ್ನಿಗೇ ಬರೆದ ಕಾಗದದಲ್ಲಿ ನಮ್ಮ ವ್ಯಾಪಾರಿ, ಊಟದ ಮೇಜಿನ ಪೋರ್ಟಿನ ಬಗ್ಗೆ ತಾನು ಬೇಕಾದರೆ ವಾದ ಮಾಡಬಲ್ಲೆ, ಆದರೆ ಪೂಜಾಪೀಠಕ್ಕೆ ಹೋಗುವುದನ್ನು ಯಾರ ಮಾತಿನ ಮೇಲೂ ಬಿಡಲಾರೆ ಎಂಬರ್ಥದಲ್ಲಿ ಬರೆದು, ಆ ವೈನನ್ನು ಬೇರೆಯೇ ಕಡೆಯಿಂದ ತರಿಸಿ, ತಯಾರಿಸಿದವರ ಸಹಿಯಿರುವ ಖಾತರಿ ಪತ್ರವನ್ನು ಲಗತ್ತಿಸಿದ್ದಾರೆ. ಅದರ ಮೇಲೆ ಪ್ರೊಕ್ಯುರೇಟರ ಕೈಯಲ್ಲಿ ‘ಇಡುವುದು’ ಎಂಬ ಒಂದೇ ಪದವಿದೆ. ಎಷ್ಟು ಮದ್ಯಸಾರ ಸೇರಿಸಿದರೆ ಬಲಿಪೂಜೆಗೆ ಸಲ್ಲುತ್ತದೆ ಎಂಬುದಕ್ಕೆ ರೋಮಿನಿಂದ ಅಂಕಿಗಳ ಸಮೇತ ನಿರ್ಣಯಗಳು ಬಂದದ್ದು ಬಹಳ ತಡವಾಗಿ, 1890 ಮತ್ತು 1896ರಲ್ಲಿ: ದ್ರಾಕ್ಷಿಯದೇ ಸಾರವನ್ನು ಸೇರಿಸಿ ನೂರಕ್ಕೆ 12ರವರೆಗೆ, ಸ್ವಭಾವತಃ ಗಡುಸಾದ ವೈನಿಗೆ 17 ಅಥವಾ 18ರವರೆಗೆ. ಅದಕ್ಕೆ ಎಷ್ಟೋ ಮೊದಲೇ ಈ ಇಬ್ಬರೂ ಅದೇ ಪ್ರಶ್ನೆಯನ್ನು ಹಿಡಿದು ಕಾಗದದ ಮೇಲೆ ಕಾಗದ ಬರೆದಿದ್ದಾರೆ.

ಅದೇ ಪ್ರಶ್ನೆಯನ್ನು ಸುಂಕದ ಕಟ್ಟೆಯವರೂ ಕೇಳತೊಡಗಿದ್ದು 1860ರ ನಂತರ. ಅಲ್ಲಿಯವರೆಗೆ ವಿದೇಶಿ ವೈನಿಗೆ ಗ್ಯಾಲನ್ನಿಗೆ ಸುಮಾರು 5 ಶಿಲಿಂಗ್ 9 ಪೆನ್ನಿ ಸುಂಕವಿತ್ತು. ಪೋರ್ಟಿನ ಒಂದು ಪೀಪಾಯಿಗೆ 33 ಪೌಂಡಿಗೂ ಮೇಲಾಗುತ್ತಿತ್ತು. ಫ್ರಾನ್ಸಿನೊಡನೆ ಆದ ಒಪ್ಪಂದದ ವರ್ಷ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಅದನ್ನು 3 ಶಿಲಿಂಗಿಗೆ ಇಳಿಸಿದರು. 1862ರ ಹೊತ್ತಿಗೆ ಸುಂಕವನ್ನು ವೈನಿನ ಗಡುಸಿಗೆ ತಕ್ಕಂತೆ ಹಾಕುವ ಕ್ರಮ ನೆಲೆಗೊಂಡಿತು: ಮದ್ಯಸಾರದ ಪ್ರಮಾಣ ಹೇಳುವ ‘ಪ್ರೂಫ್’ ಅಳತೆಯಲ್ಲಿ 26 ಡಿಗ್ರಿಗಿಂತ ಕೆಳಗಿದ್ದರೆ ಗ್ಯಾಲನ್ನಿಗೆ 1 ಶಿಲಿಂಗ್, ಅದಕ್ಕಿಂತ ಮೇಲೆ 42ರವರೆಗೆ 2 ಶಿಲಿಂಗ್ 6 ಪೆನ್ನಿ. ಇಂದಿನ ಲೆಕ್ಕದಲ್ಲಿ ಆ 26 ಡಿಗ್ರಿ ಎಂದರೆ ನೂರಕ್ಕೆ 15ರ ಹತ್ತಿರದ ಮದ್ಯಸಾರ. ಸಾರ ಸೇರಿಸದ ತಿಳಿ ವೈನಿನ ಒಂದು ಹಾಗ್ಸ್‌ಹೆಡ್‌ಗೆ ಹಿಂದೆ 13 ಪೌಂಡ್ ದಾಟುತ್ತಿದ್ದ ಸುಂಕ ಈಗ 2 ಪೌಂಡ್ 6 ಶಿಲಿಂಗಿಗೆ ಬಂತು. ಪೂಜೆಗೆ ಶುದ್ಧವಾದದ್ದೇ ಈಗ ಅಗ್ಗವೂ ಆಯಿತು ಎಂದು ತಿಳಿಸುವ ವ್ಯಾಪಾರಿಯ ಕಾಗದದಲ್ಲಿ ಅಪರೂಪದ ಸಂತೋಷ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ದಿನಸಿ ಅಂಗಡಿಯವರಿಗೂ ಬಾಟಲಿಯ ಲೆಕ್ಕದಲ್ಲಿ ವೈನ್ ಮಾರುವ ಪರವಾನಗಿ ಸಿಕ್ಕಿತು. ಪೀಪಾಯಿಗಟ್ಟಲೆ ಮಾರುತ್ತಿದ್ದ ಹಳೆಯ ಮಂಡಿಗಳಿಗೆ ಅದು ಪೆಟ್ಟು. ಮುಂದಿನ ವರ್ಷಗಳಲ್ಲಿ ಅವರ ಕಾಗದಗಳು ತೆಳ್ಳಗಾಗುತ್ತ ಬಂದವು.

ಹದಿನಾಲ್ಕು ತಿಂಗಳಲ್ಲಿ ಒಂದೇ ಒಂದು ದಿನ ನಾನು ಓದುವುದನ್ನು ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಅದು 1847ರ ಬೇಸಗೆಯ ಕಟ್ಟನ್ನು ಓದುವಾಗ. ಐರ್ಲೆಂಡಿನ ಬರಗಾಲದಿಂದ ಓಡಿಬಂದ ಸುಮಾರು ಮೂರು ಲಕ್ಷ ಜನ ಆ ಒಂದೇ ವರ್ಷ ಲಿವರ್‌ಪೂಲಿನ ಬಂದರಿನಲ್ಲಿ ಇಳಿದರು. ನೆಲಮಾಳಿಗೆಗಳಲ್ಲಿ ಕಿಕ್ಕಿರಿದ ಅವರಲ್ಲಿ ಟೈಫಸ್ ಜ್ವರ ಹಬ್ಬಿತು. ರೋಗಿಗಳ ಹಾಸಿಗೆಯ ಬಳಿ ಬಾಗಿ ಕೊನೆಯ ಸಂಸ್ಕಾರ ಕೊಡುತ್ತಿದ್ದ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಹತ್ತು ಮಂದಿ ಆ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಂದೆ ಅವರ ನೆನಪಿನ ಶಿಲುಬೆ ಇಂದಿಗೂ ಇದೆ. ಆಮೇಲೆ ಹೋಗಿ ನೋಡಿ ಬಂದೆ. ಜೂನ್ ತಿಂಗಳ ಕಾಗದದಲ್ಲಿ ವೈನಿನ ಮಾತು ಮೂರೇ ಸಾಲು. ಮಿಕ್ಕಿದ್ದೆಲ್ಲ ಯಾವ ಪಾದ್ರಿ ಹಾಸಿಗೆ ಹಿಡಿದಿದ್ದಾರೆ, ಯಾರು ಚೇತರಿಸಿಕೊಂಡರು, ಯಾರನ್ನು ಮಣ್ಣು ಮಾಡಿದರು ಎಂಬ ಸುದ್ದಿ. ಅವರಲ್ಲಿ ಕೆಲವರು ಪ್ರೊಕ್ಯುರೇಟರಿಗೆ ಗುರುತಿದ್ದವರು ಎಂಬುದು ಬರೆದ ರೀತಿಯಿಂದಲೇ ತಿಳಿಯುತ್ತದೆ. ಜ್ವರದವರಿಗೆ ಪೋರ್ಟ್ ಕೊಡುವುದು ಆ ಕಾಲದ ವೈದ್ಯರ ರೂಢಿ. ಕಾಲೇಜಿಗೆಂದು ತೆಗೆದಿಟ್ಟಿರುವ ಪೋರ್ಟಿನಿಂದ ಕೆಲವು ಡಜನ್ ಬಾಟಲಿಗಳನ್ನು ಪಾದ್ರಿಗಳ ಮನೆಗೆ ಕೊಡಬಹುದೇ ಎಂದು ಕೊನೆಯಲ್ಲಿ ಕೇಳಿದ್ದಾರೆ.

ಆ ಕಾಗದದ ಅಕ್ಷರಗಳು ಉಳಿದವುಗಳಂತಿಲ್ಲ. ಯಾವಾಗಲೂ ನೆಟ್ಟಗೆ ಹೋಗುವ ಸಾಲುಗಳು ಬಲಕ್ಕೆ ಹೋಗುತ್ತ ಕೆಳಗಿಳಿದಿವೆ, ಒಂದು ಹೆಸರನ್ನು ಬರೆದು ಹೊಡೆದುಹಾಕಿ ಮತ್ತೆ ಅದನ್ನೇ ಬರೆದಿದ್ದಾರೆ, ಅರಗು ಸರಿಯಾಗಿ ಕೂರುವ ಮೊದಲೇ ಒತ್ತಿದ್ದರಿಂದ ಮುದ್ರೆ ಕದಡಿದೆ. ಹೊರಮೈಯಲ್ಲಿ ಪ್ರೊಕ್ಯುರೇಟರು ಬರೆದಿರುವುದು ತಲುಪಿದ ತಾರೀಖು ಮತ್ತು ಉತ್ತರಿಸಿದ ತಾರೀಖು. ಎರಡೂ ಒಂದೇ ದಿನ. ಏನೆಂದು ಉತ್ತರಿಸಿದರು ಎಂಬುದಕ್ಕೆ ಕಾಗದವಿಲ್ಲ. ಆದರೆ ವರ್ಷಾಂತ್ಯದ ಲೆಕ್ಕದಲ್ಲಿ, ಶೆರಿ ಮತ್ತು ಬಿರಡೆಗಳ ಬಾಬತ್ತಿನ ನಡುವೆ, ‘ಪೋರ್ಟ್, ನಾಲ್ಕು ಡಜನ್, ಲಿವರ್‌ಪೂಲಿನಲ್ಲಿ ಕೊಟ್ಟದ್ದು’ ಎಂದು ಒಂದು ಸಾಲಿದೆ. ಬೆಲೆಯನ್ನು ಅಸಲಿಗೆ ಹಾಕಿದ್ದಾರೆ. ಉಳಿದೆಲ್ಲ ಬಾಬತ್ತಿಗೂ ಇರುವ ಲಾಭಾಂಶ ಆ ಸಾಲಿನಲ್ಲಿ ಇಲ್ಲ. ಹಿಂದಿನ ಪಟ್ಟಿ ‘ವೈನ್ ಬಿಲ್ಲುಗಳು’ ಎಂದು ಕರೆದದ್ದು ಇದನ್ನೇ. ಬಿಲ್ಲು ಎಂದರೆ ಓದಬೇಕಾದದ್ದಲ್ಲ, ಕೂಡಿಸಬೇಕಾದದ್ದು ಎಂದು ತಿಳಿದು ಎಷ್ಟೋ ಸಂಗ್ರಹಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಬದಿಗಿಟ್ಟಿದ್ದಾರೆ. ಬಿಷಪ್ಪರ ಕಾಗದಗಳಿಗೆ ಸಿಗುವ ಮರ್ಯಾದೆ ಇವಕ್ಕೂ ಸಿಗಬೇಕೆಂದು ನಾನು ಈಗ ಎಲ್ಲರಲ್ಲಿಯೂ ವಾದಿಸುತ್ತೇನೆ. ಕಾಲೇಜು ನಿಜವಾಗಿ ಹೇಗೆ ಬದುಕಿತು ಎಂಬುದು ಉಗ್ರಾಣದ ಕಾಗದಗಳಲ್ಲಿ ಸಿಕ್ಕಷ್ಟು ಪೀಠದ ಕಾಗದಗಳಲ್ಲಿ ನನಗೆ ಸಿಕ್ಕಿಲ್ಲ.

ವಿವರಣೆ ಬರೆಯುವಾಗ ಮೇಲ್ವಿಚಾರಕರು ಒಂದು ಕಾಗದಕ್ಕೆ ಎರಡು ಸಾಲು ಸಾಕೆಂದಿದ್ದರು. ಬಹುಪಾಲು ಕಾಗದಗಳಿಗೆ ಎರಡೇ ಸಾಲು ಬರೆದೆ: ಯಾವ ವೈನ್, ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಹಣ. 1847ರ ಕಾಗದಗಳಿಗೆ ಒಂದು ಪ್ಯಾರಾದಷ್ಟು ಬರೆದು, ಅವುಗಳಲ್ಲಿ ಬರುವ ಪ್ರತಿಯೊಬ್ಬ ಪಾದ್ರಿಯ ಹೆಸರನ್ನೂ ಸೂಚಿಯಲ್ಲಿ ಸೇರಿಸಿದೆ. ಮೇಲ್ವಿಚಾರಕರು ಓದಿ ಒಂದು ಅಕ್ಷರವನ್ನೂ ತೆಗೆಯಲಿಲ್ಲ. ಹತ್ತಿಯ ಪಟ್ಟಿಯನ್ನು ಹೊಸದಾಗಿ ಕಟ್ಟಿ, ಪ್ರತಿ ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅಂಕಿ ಹಾಕುತ್ತ ಹೋದೆ, ಈ ಸಲ ಪ್ರೊಕ್ಯುರೇಟರ ಕ್ರಮದಲ್ಲಿಯೇ.

ಹನ್ನೊಂದನೆಯ ಕಟ್ಟಿನ ಕೊನೆಯ ಕಾಗದ 1867ರ ಅಕ್ಟೋಬರಿನದು. ಬರೆದವರು ಗುಮಾಸ್ತರು, ಕೆಳಗೆ ಸಹಿ ಮಾತ್ರ ವ್ಯಾಪಾರಿಯದು, ನಡುಗುವ ಕೈಯಲ್ಲಿ. ಅಂಗಡಿಯ ವ್ಯವಹಾರವನ್ನು ವರ್ಷದ ಕೊನೆಗೆ ಮುಗಿಸುತ್ತಿರುವುದಾಗಿ ತಿಳಿಸಿ, ಬಾಕಿ ಏನೂ ಇಲ್ಲವೆಂದು ಹೇಳಿ, ನೆಲಮಾಳಿಗೆಯಲ್ಲಿ ಉಳಿದಿರಬಹುದಾದ ಎರಡು ಖಾಲಿ ಪೀಪಾಯಿಗಳನ್ನು ಅನುಕೂಲವಾದಾಗ ಕಳುಹಿಸಿಕೊಡಬೇಕೆಂದು ಕೇಳಿಕೊಂಡಿದ್ದಾರೆ. ಹೊರಮೈಯ ಗುರುತು ಮೂರನೆಯ ಪ್ರೊಕ್ಯುರೇಟರ ಕೈಯದು. ತಾರೀಖಿನ ಕೆಳಗೆ, ಪೀಪಾಯಿಗಳು ರೈಲಿನಲ್ಲಿ ಹೋದವು ಎಂದು ಬರೆದಿದೆ.